ಹಳೆ ಮನೆ ಕೊಳ್ಳುವ ಮುಂಚೆ ಶೀಟನ್ನೂ ನೋಡಿ



ಸಂಘದಿಂದ ಸಾಲ ತೆಗೆದು ಹಳೆ ಮನೆ ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಪತ್ರ ಸರಿ ಇದೆಯಾ, ನೀರಿದೆಯಾ, ದಾರಿ ಇದೆಯಾ? ಮೇಲೆ ಹೊದಿಸಿದ ಸಿಮೆಂಟ್ ಶೀಟಿನಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ಆ ಶೀಟಿಗೆ ಗಟ್ಟಿತನ ಬರಲು ಸಿಮೆಂಟಿನ ಜೊತೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸೇರಿಸುತ್ತಾರೆ. ಇದು ಕಲ್ಲಿನಿಂದ ಬರುವ ನಾರು. ಶೀಟು ಒಡೆದಾಗ, ಕೊಯ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹಾರಿ ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಶ್ವಾಸಕೋಶದ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಕೂಡ ಇದರಿಂದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಯಿಲೆ ಕಾಣಿಸಿಕೊಳ್ಳಲು 20, 30, 40 ವರ್ಷವೂ ಆಗಬಹುದು. ಹಾಗಾಗಿಯೇ "ನಮಗೇನೂ ಆಗಿಲ್ಲವಲ್ಲ" ಅನ್ನುವ ಮಾತಿಗೆ ಅರ್ಥವಿಲ್ಲ. ಕಾರ್ಖಾನೆಗೆ ಕಾಲಿಡದೆ, ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದೇ ಈ ರೋಗ ತಂದುಕೊಂಡ ಹೆಂಗಸರು ಬ್ರಿಟನ್ನಿನಲ್ಲಿ ಇದ್ದಾರೆ.

ಅಲ್ಲಿನ ಸ್ಥಳೀಯ ಆಡಳಿತಗಳು, ನಮ್ಮ ನಗರಸಭೆ ಇದ್ದ ಹಾಗೆ, ಬಡ ಕುಟುಂಬಗಳಿಗೆ ಕಡಿಮೆ ಬಾಡಿಗೆಗೆ ಕೊಡಲು ಹಳೆ ಮನೆಗಳನ್ನು ಕೊಳ್ಳುತ್ತವೆ. (ಹಿಂದೆ ತಾವೇ ಅಗ್ಗಕ್ಕೆ ಮಾರಿದ ಮನೆಯನ್ನು ಈಗ ಹೆಚ್ಚು ದುಡ್ಡು ಕೊಟ್ಟು ವಾಪಸ್ ಕೊಳ್ಳುವುದೂ ಉಂಟು!) ಆ ದೇಶ 1999ರಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿತು. ಆದ್ದರಿಂದ 2000ಕ್ಕಿಂತ ಮುಂಚೆ ಕಟ್ಟಿದ ಯಾವ ಕಟ್ಟಡದಲ್ಲೂ ಅದು ಇರಬಹುದೆಂದೇ ಲೆಕ್ಕ. ಚಾವಣಿಯ ಬಣ್ಣದಲ್ಲಿ, ನೆಲದ ಟೈಲಿನಲ್ಲಿ, ಬಿಸಿನೀರಿನ ಪೈಪಿನ ಸುತ್ತ, ಎಲ್ಲಿ ಬೇಕಾದರೂ. 2012ರ ನಿಯಮದಂತೆ ಮೆಟ್ಟಿಲು, ಓಣಿಯಂಥ ಎಲ್ಲರೂ ಓಡಾಡುವ ಜಾಗದಲ್ಲಿ ಕಲ್ನಾರು ಎಲ್ಲಿದೆ ಎಂದು ಮಾಲೀಕರು ಬರೆದಿಡಬೇಕು. ಮನೆಯೊಳಗೆ ಗೋಡೆ ಒಡೆಯುವ ದುರಸ್ತಿ ಇದ್ದರೆ ಅದಕ್ಕೂ ಮುಂಚೆ ತಪಾಸಣೆ ಆಗಬೇಕು. ಪರಿಣತರು ಚಿಕ್ಕ ತುಂಡನ್ನು ತೇವ ಮಾಡಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇದಕ್ಕೆ ಸರಿಯಾದ ಹೊತ್ತು ಮನೆ ಖಾಲಿ ಇರುವಾಗ. ಮಕ್ಕಳುಮರಿ ಬಂದು ಸೇರಿದ ಮೇಲೆ ಒಡೆದು ನೋಡುವುದು ಹೇಗೆ? ಇದ್ದರೂ ಗಟ್ಟಿಯಾಗಿದ್ದರೆ ಕೀಳುವುದಿಲ್ಲ, ಮುಟ್ಟದೆ ಬಿಟ್ಟು ಆಗಾಗ ನೋಡುತ್ತಾರೆ.

ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಶೀಟಿಗೆ ನಿಷೇಧವಿಲ್ಲ. ಕಲ್ನಾರು ಇಲ್ಲದ ಶೀಟೂ ಸಿಗುತ್ತದೆ, ಆದರೆ ಕಣ್ಣಲ್ಲಿ ನೋಡಿ ವ್ಯತ್ಯಾಸ ಹೇಳಲಾಗದು. ಮಾರುವವರನ್ನು ಕೇಳಿ. ಗೊತ್ತಾಗದಿದ್ದರೆ ಕಲ್ನಾರು ಇದೆ ಎಂದೇ ತಿಳಿಯಿರಿ. ಶೀಟು ಬಿರುಕು ಬಿಟ್ಟು ಪುಡಿ ಉದುರುತ್ತಿದ್ದರೆ ಬದಲಿಸುವ ಖರ್ಚನ್ನೂ ಸಾಲದ ಲೆಕ್ಕಕ್ಕೆ ಸೇರಿಸಿ, ಒಳಗೆ ಹೋಗುವ ಮುಂಚೆಯೇ ಆ ಕೆಲಸ ಮುಗಿಸಿ. ಗಟ್ಟಿ ಇದ್ದರೆ ಗಾಬರಿ ಬೇಡ. ತೂತು ಕೊರೆಯಬೇಡಿ, ಪಾಚಿಯನ್ನು ಒಣಗಿದ್ದಾಗ ಉಜ್ಜಬೇಡಿ.

ಇಳಿಸುವಾಗ ನೀರು ಚಿಮುಕಿಸಿ ಇಡೀ ಶೀಟನ್ನೇ ಇಳಿಸಲು ಮೇಸ್ತ್ರಿಗೆ ಹೇಳಿ. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ದಿನದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ನೆನೆಸಿ. ಒಡೆದ ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ. ಒಲೆಯ ಮರೆಗೆ, ಕೋಳಿಗೂಡಿನ ಮುಚ್ಚಳಕ್ಕೆ ಅಂತ ಎತ್ತಿಡುವುದು ಮಾತ್ರ ಬೇಡ.