ಕಂಪ್ಯೂಟರಿನಲ್ಲಿ ಡ್ರಮ್ಸ್ ಹೂಡುವ ಬಗೆ

36 ಎಂದರೆ ಕಿಕ್ ಡ್ರಮ್. 38 ಸ್ನೇರ್. 42 ಮುಚ್ಚಿದ ಹೈ-ಹ್ಯಾಟ್, 46 ತೆರೆದ ಹೈ-ಹ್ಯಾಟ್. ಕಂಪ್ಯೂಟರಿನಲ್ಲಿ ಡ್ರಮ್ಸ್ ನುಡಿಸಲು ಹೊರಟವರು ಮೊದಲು ಬಾಯಿಪಾಠ ಮಾಡಿಕೊಳ್ಳಬೇಕಾದ ಮಗ್ಗಿ ಇದು.

ರೀಪರ್, ಕ್ಯೂಬೇಸ್, ಲಾಜಿಕ್, ಎಫ್‌ಎಲ್ ಸ್ಟುಡಿಯೊ ಹೀಗೆ ಯಾವ ಸಂಗೀತ ತಂತ್ರಾಂಶವಾದರೂ ಸರಿ, ಅದರೊಳಗೆ ಡ್ರಮ್ ಪ್ಲಗಿನ್ ಹಾಕಿ ಕೀಬೋರ್ಡಿನ ಒಂದು ಕೀ ಒತ್ತಿದರೆ ಧಡ್ ಎಂದು ಸದ್ದು ಬರುತ್ತದೆ. ಆದರೆ ಕೀಬೋರ್ಡಿನಿಂದ ತಂತಿಯಲ್ಲಿ ಸದ್ದು ಹೋಗಿರುವುದಿಲ್ಲ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಎಂಬ ಅಂಕಿಗಳಷ್ಟೇ ಹೋಗಿರುತ್ತವೆ. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಒಪ್ಪಂದದ ಪ್ರಕಾರ ಈ ಅಂಕಿಗಳು 0ಯಿಂದ 127ರವರೆಗೆ ಇರುತ್ತವೆ. ಆ ಅಂಕಿಗೆ ತಕ್ಕ ಧ್ವನಿಮುದ್ರಣವನ್ನು ಹುಡುಕಿ ತೆಗೆದು ಕೇಳಿಸುವುದು ಪ್ಲಗಿನ್ನಿನ ಕೆಲಸ. ಹೊಸಬರು ಪಡುವ ಪಾಡೆಲ್ಲ ಈ ಅಂಕಿ ಮತ್ತು ಧ್ವನಿಯ ನಡುವಿನ ದಾರಿಯಲ್ಲೇ ಇದೆ.

ನಿಜವಾದ ಡ್ರಮ್ಮಿನ ಸದ್ದನ್ನು ಚಿಪ್‌ನಲ್ಲಿ ತುಂಬಿ ಮಾರಿದ ಮೊದಲ ಯಂತ್ರ ಅಮೆರಿಕದ ರೋಜರ್ ಲಿನ್ 1980ರಲ್ಲಿ ತಂದ ಎಲ್‌ಎಂ-1. ಬೆಲೆ ಸುಮಾರು 5,000 ಡಾಲರ್. ಮೆಮೊರಿ ಎಷ್ಟು ದುಬಾರಿಯಾಗಿತ್ತೆಂದರೆ, ಬಹಳ ಹೊತ್ತು ಮೊಳಗುವ ಕ್ರ್ಯಾಶ್ ಸಿಂಬಲ್‌ಗೆ ಅದರಲ್ಲಿ ಜಾಗವೇ ಇರಲಿಲ್ಲ. ಪ್ರಿನ್ಸ್‌ನಂಥ ಗಾಯಕರು ಆ ಕೊರತೆಯ ಯಂತ್ರದಲ್ಲೇ ಜನಪ್ರಿಯ ಹಾಡುಗಳನ್ನು ಕಟ್ಟಿದರು ಎಂಬುದನ್ನು ಇಂದಿನವರು ನೆನಪಿಡುವುದು ಒಳ್ಳೆಯದು. ಏಕೆಂದರೆ ಸ್ವೀಡನ್ನಿನ ಟೂನ್‌ಟ್ರ್ಯಾಕ್ ಕಂಪನಿ 2017ರಲ್ಲಿ ತಂದ ‘ಸುಪೀರಿಯರ್ ಡ್ರಮ್ಮರ್ 3’ ಪ್ಲಗಿನ್ನನ್ನು ಪೂರ್ತಿ ಇಳಿಸಿಕೊಳ್ಳಲು ಸುಮಾರು 230 ಜಿಬಿ ಜಾಗ ಬೇಕು.

ಇಷ್ಟು ಜಾಗ ಯಾಕೆ? ಒಂದು ಸ್ನೇರ್ ಡ್ರಮ್ಮನ್ನೇ ತೆಗೆದುಕೊಳ್ಳಿ. ಮೆಲ್ಲಗೆ ತಟ್ಟಿದರೆ ಒಂದು ಸದ್ದು, ಬಲವಾಗಿ ಹೊಡೆದರೆ ಇನ್ನೊಂದು. ಎರಡನೆಯದು ಮೊದಲನೆಯದರ ವಾಲ್ಯೂಮ್ ಹೆಚ್ಚಿಸಿದ ರೂಪವಲ್ಲ, ಅದರ ನಾದವೇ ಬೇರೆ. ಹಾಗಾಗಿ 20 ಬಲದ ಹಂತಗಳಲ್ಲಿ, ಪ್ರತಿ ಹಂತಕ್ಕೆ 8 ಸಲದಂತೆ ಹೊಡೆದು, 10 ಮೈಕ್‌ಗಳಲ್ಲಿ ಮುದ್ರಿಸಿಕೊಂಡರೆ ಆ ಒಂದೇ ಡ್ರಮ್ಮಿಗೆ 1,600 ತುಣುಕುಗಳಾದವು. ಒಂದೇ ಬಲದಲ್ಲಿ ಹಲವು ಸಲ ಹೊಡೆಯುವುದಕ್ಕೂ ಕಾರಣವಿದೆ. ಯಾವ ವಾದಕನೂ ಒಂದೇ ಪೆಟ್ಟನ್ನು ಎರಡು ಸಲ ಹೊಡೆಯಲಾರ. ಒಂದೇ ತುಣುಕು ಪಟಪಟನೆ ಮರುಕಳಿಸಿದರೆ ಕಿವಿ ತಟ್ಟನೆ ಮೋಸ ಹಿಡಿಯುತ್ತದೆ. ಸ್ಟುಡಿಯೊದವರು ಇದಕ್ಕೆ ಮೆಷಿನ್ ಗನ್ ಸದ್ದು ಎನ್ನುತ್ತಾರೆ. ಆದ್ದರಿಂದ ಪ್ಲಗಿನ್ ಪ್ರತಿ ಪೆಟ್ಟಿಗೂ ತುಣುಕು ಬದಲಿಸುತ್ತಾ ಹೋಗುತ್ತದೆ. ಇಷ್ಟೆಲ್ಲ ಓದಿ ತರಲು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿ ಇದ್ದರೆ ಒಳಿತು.

ಇನ್ನು ಹೂಡುವ ಕೆಲಸ. ಪ್ಲಗಿನ್ ಕಡತ ತಂತ್ರಾಂಶ ಹುಡುಕುವ ಫೋಲ್ಡರಿನಲ್ಲೇ ಇರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ಟ್ರ್ಯಾಕ್ ತೆರೆದು ಪ್ಲಗಿನ್ ಹಾಕಿ, ಮಿಡಿ ಇನ್‌ಪುಟ್ ಆರಿಸಿ, ರೆಕಾರ್ಡ್ ಗುಂಡಿಯನ್ನೂ ಮಾನಿಟರ್ ಗುಂಡಿಯನ್ನೂ ಒತ್ತಿಟ್ಟರೆ ಅರ್ಧ ಕೆಲಸ ಮುಗಿಯಿತು. ‘ಸದ್ದೇ ಬರುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಈ ಕೊನೆಯ ಗುಂಡಿಯೇ ಕಾರಣ. ನುಡಿಸಲು ಪಿಯಾನೊ ಕೀಬೋರ್ಡೇ ಬೇಕೆಂದಿಲ್ಲ. ನಮ್ಮ ಆರ್ಕೆಸ್ಟ್ರಾ ತಂಡಗಳಲ್ಲಿ ಕಾಣುವ ರಿದಮ್ ಪ್ಯಾಡಿಗೆ ಮಿಡಿ ಔಟ್ ಇದ್ದರೆ ಅದೂ ಇದೇ ಅಂಕಿಗಳನ್ನು ಕಳಿಸುತ್ತದೆ.

ಸದ್ದು ಬಂತು, ಆದರೆ ಸ್ನೇರ್ ಹೊಡೆದರೆ ಟಾಮ್ ಕೇಳುತ್ತಿದೆ! ಇದು ನಕ್ಷೆಯ ಗೊಂದಲ. ಮೇಲೆ ಹೇಳಿದ 36, 38ರ ಪಟ್ಟಿ 1991ರ ‘ಜನರಲ್ ಮಿಡಿ’ ನಿಯಮದ್ದು. ಆ ನಿಯಮದಲ್ಲಿ ತಾಳವಾದ್ಯಗಳಿಗೆ 10ನೇ ಚಾನೆಲ್ ಮೀಸಲು. ಆದರೆ ದೊಡ್ಡ ಪ್ಲಗಿನ್ನುಗಳಲ್ಲಿ ರಿಮ್ ಪೆಟ್ಟು, ಅರ್ಧ ತೆರೆದ ಹೈ-ಹ್ಯಾಟ್ ಮುಂತಾಗಿ ಹತ್ತಾರು ಹೆಚ್ಚುವರಿ ಸದ್ದುಗಳಿರುವುದರಿಂದ ಒಬ್ಬೊಬ್ಬರದು ಒಂದೊಂದು ನಕ್ಷೆ. ಸಾಲದ್ದಕ್ಕೆ ಒಂದು ಕಂಪನಿ 60ನೇ ಕೀಯನ್ನು ಸಿ3 ಎಂದರೆ ಇನ್ನೊಂದು ಸಿ4 ಎನ್ನುತ್ತದೆ. ಹಾಗಾಗಿ ಕೈಪಿಡಿಯಲ್ಲಿ ‘ಕಿಕ್ ಇರುವುದು ಸಿ1ರಲ್ಲಿ’ ಎಂದು ಓದಿ ನಂಬುವುದಕ್ಕಿಂತ ಅಂಕಿಯನ್ನೇ ನೋಡುವುದು ಲೇಸು. ಒಂದು ಸಲ ನಕ್ಷೆ ಸರಿಪಡಿಸಿ ಉಳಿಸಿಟ್ಟರೆ ಮತ್ತೆ ಆ ತಂಟೆ ಇರುವುದಿಲ್ಲ.

ಮುಂದಿನ ಕಾಟ ತಡ. ಕಂಪ್ಯೂಟರ್ ಧ್ವನಿಯನ್ನು ಬಿಡಿಬಿಡಿಯಾಗಿ ಕಳಿಸದೆ ಬಫರ್ ಎಂಬ ಕಂತುಗಳಲ್ಲಿ ಕಳಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 1,024ರ ಕಂತಿಗೆ 23 ಮಿಲಿಸೆಕೆಂಡ್ ಹಿಡಿಯುತ್ತದೆ, 128ರ ಕಂತಿಗೆ ಸುಮಾರು 3. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 1,024 ಎಂದಿಟ್ಟುಕೊಂಡು ನುಡಿಸುವವನಿಗೆ ಡ್ರಮ್ ಎಂಟು ಮೀಟರ್ ಆಚೆ ಇದ್ದಂತೆ ಕೇಳುತ್ತದೆ. 128ಕ್ಕೆ ಇಳಿಸಿದರೆ ಒಂದು ಮೀಟರ್ ದೂರದಲ್ಲಿ. ನುಡಿಸುವಾಗ 128 ಅಥವಾ 64, ಮಿಕ್ಸಿಂಗ್ ಮಾಡುವಾಗ 1,024 ಎಂಬುದು ರೂಢಿ. ಕಂತು ಚಿಕ್ಕದಾದಷ್ಟೂ ಪ್ರೊಸೆಸರಿಗೆ ಬಿಡುವಿಲ್ಲದೆ ಚಟಪಟ ಸದ್ದು ಬರುವುದುಂಟು. ವಿಂಡೋಸ್‌ನಲ್ಲಿ ತಡ ತಗ್ಗಿಸುವ ಆಸಿಯೊ ಡ್ರೈವರ್ ಹಾಕಿಕೊಳ್ಳದೆ ಈ ಸರ್ಕಸ್ಸಿಗೆ ಇಳಿಯಬಾರದು.

ಮೌಸ್‌ನಲ್ಲಿ ನೋಟ್ ಬರೆಯುವವರಿಗೆ ತಡದ ಚಿಂತೆಯಿಲ್ಲ, ಬೇರೆ ಚಿಂತೆ ಇದೆ. ಬರೆದ ಪ್ರತಿ ನೋಟಿಗೂ ತಂತ್ರಾಂಶ ಒಂದೇ ಬಲ ಕೊಟ್ಟುಬಿಡುತ್ತದೆ, ಸಾಮಾನ್ಯವಾಗಿ 96 ಅಥವಾ 100. 1,600 ತುಣುಕುಗಳ ಸ್ನೇರಿನಲ್ಲಿ ಒಂದೇ ಹಂತದ ತುಣುಕುಗಳು ಕೇಳುತ್ತವೆ, ಉಳಿದವು ಡಿಸ್ಕಿನಲ್ಲಿ ಕೊಳೆಯುತ್ತವೆ. ಇದನ್ನು ಸರಿಪಡಿಸಲು ‘ಹ್ಯೂಮನೈಸ್’ ಎಂಬ ಗುಂಡಿ ಒತ್ತಿ ಎಲ್ಲವನ್ನೂ ಅಡ್ಡಾದಿಡ್ಡಿ ಮಾಡುವುದುಂಟು. ಅದೂ ಮನುಷ್ಯನ ಕೈಯಲ್ಲ. ಮೈಕೆಲ್ ಮೆಕ್‌ಡೊನಾಲ್ಡ್ 1982ರಲ್ಲಿ ಹಾಡಿದ ಒಂದು ಗೀತೆಗೆ ಜೆಫ್ ಪೊರ್ಕಾರೊ ನುಡಿಸಿದ ಹೈ-ಹ್ಯಾಟನ್ನು ವಿಜ್ಞಾನಿಗಳ ತಂಡವೊಂದು ಪೆಟ್ಟು ಪೆಟ್ಟಾಗಿ ಅಳೆದು 2015ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅವನ ಹೊತ್ತಿನ ಏರುಪೇರು, ಬಲದ ಏರುಪೇರು ಎರಡೂ ಲಾಟರಿಯಂತೆ ಬಿದ್ದವಲ್ಲ. ಈಗಿನ ಪೆಟ್ಟಿನ ವಾಲಿಕೆಗೂ ಬಹಳ ಹಿಂದಿನ ಪೆಟ್ಟುಗಳಿಗೂ ನಂಟಿತ್ತು. ಬರೇ ಯಾದೃಚ್ಛಿಕ ಗುಂಡಿಯಲ್ಲಿ ಆ ನಂಟು ಇರುವುದಿಲ್ಲ. ತಾಳದ ಒತ್ತು ಬೀಳುವ ಕಡೆ 110, ನಡುವಿನ ಸಣ್ಣ ಪೆಟ್ಟುಗಳಿಗೆ 30 ಎಂದು ಕೈಯಾರೆ ತಿದ್ದಿದ್ದೇ ಕಿವಿಗೆ ಹಿತ.

ಡ್ರಮ್ಸನ್ನು ಒಂದೇ ಟ್ರ್ಯಾಕಿನಲ್ಲಿ ಬಿಡದೆ ಕಿಕ್, ಸ್ನೇರ್, ಮೇಲಿನ ಮೈಕ್, ಕೋಣೆಯ ಮೈಕ್ ಎಂದು ಬೇರೆ ಬೇರೆ ಟ್ರ್ಯಾಕ್‌ಗಳಿಗೆ ಹಂಚುವುದು ಕೊನೆಯ ಹೆಜ್ಜೆ. ಸ್ನೇರ್ ಮೈಕಿಗೆ ಕಿಕ್‌ನ ಸದ್ದೂ ಸ್ವಲ್ಪ ಸೋರಿರುತ್ತದೆ. ಅದನ್ನು ಪೂರ್ತಿ ಒರೆಸಿದರೆ ಡ್ರಮ್ಸ್ ಒಣಗಿದಂತೆ ಕೇಳುತ್ತದೆ, ಹಾಗಾಗಿ ಒಳ್ಳೆಯ ಪ್ಲಗಿನ್ನುಗಳು ಸೋರಿಕೆಯನ್ನೂ ಮುದ್ರಿಸಿಕೊಂಡು ಅದಕ್ಕೊಂದು ತಿರುಗುಗುಂಡಿ ಕೊಡುತ್ತವೆ.

ಜನರಲ್ ಮಿಡಿ ಪಟ್ಟಿಯ 47 ತಾಳವಾದ್ಯ ಸದ್ದುಗಳಲ್ಲಿ ಬ್ರೆಜಿಲ್ಲಿನ ಕ್ವೀಕಾ ಇದೆ. ಮೃದಂಗ ಇಲ್ಲ, ತಬಲ ಇಲ್ಲ, ಡೊಳ್ಳಂತೂ ಇಲ್ಲವೇ ಇಲ್ಲ. ಹಾಗಾಗಿ ಸ್ವಾರ್ ಸಿಸ್ಟಮ್ಸ್ ಮುಂತಾದ ತಂತ್ರಾಂಶ ಕಂಪನಿಗಳು ನಮ್ಮ ವಾದ್ಯಗಳಿಗೆ ತಂತಮ್ಮ ನಕ್ಷೆ ಮಾಡಿಕೊಂಡಿವೆ. ಕಷ್ಟ ನಕ್ಷೆಯದಷ್ಟೇ ಅಲ್ಲ. ಸಾಮಾನ್ಯ ಡ್ರಮ್ಮಿನ ಚರ್ಮದಲ್ಲಿ ಮೂಲ ಕಂಪನದ 1.59, 2.14 ಪಟ್ಟಿನ ಅಡ್ಡಾದಿಡ್ಡಿ ಉಪಸ್ವರಗಳು ಏಳುತ್ತವೆ. ಮೃದಂಗ, ತಬಲಗಳ ನಡುವಿನ ಕರಣೆ ಅವನ್ನು ಎರಡು ಪಟ್ಟು, ಮೂರು ಪಟ್ಟಿನ ಕ್ರಮಕ್ಕೆ ತಂದು ನಿಲ್ಲಿಸುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ತೋರಿಸಿಕೊಟ್ಟಿದ್ದರು. ಹೀಗೆ ನಿಶ್ಚಿತ ಶ್ರುತಿಯಿರುವುದರಿಂದ ಮೃದಂಗದ ತುಣುಕನ್ನು ಹಾಡಿನ ಶ್ರುತಿಗೆ ಹೊಂದಿಸದೆ ಬಳಸುವಂತಿಲ್ಲ. ಬಹಳ ಏರಿಸಿ ಇಳಿಸಿದರೆ ನಾದ ಕೆಡುತ್ತದೆ. ಎಡಗೈ ಒತ್ತಿ ಎಳೆಯುವ ಗುಮ್ಕಿಯನ್ನು ಒಂದು ಅಂಕಿಗೆ ಒಪ್ಪಿಸುವುದು ಇನ್ನೂ ಕಷ್ಟ.

ಕಲಿಯಲು ದುಡ್ಡು ಸುರಿಯಬೇಕಿಲ್ಲ. ಎಂಟಿ ಪವರ್ ಡ್ರಮ್ ಕಿಟ್, ಡ್ರಮ್‌ಗಿಜ್ಮೊ, ಹೈಡ್ರೋಜನ್ ಇವೆಲ್ಲ ಉಚಿತವಾಗಿ ಸಿಗುತ್ತವೆ. ರೀಪರನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು. ದೊಡ್ಡ ಪ್ಲಗಿನ್ ಕೊಳ್ಳುವ ಮೊದಲು ಇವುಗಳಲ್ಲೊಂದನ್ನು ಇಳಿಸಿಕೊಂಡು, ಎಂಟು ಆವರ್ತದ ಒಂದು ತಾಳಕ್ಕೆ ಪ್ರತಿ ಪೆಟ್ಟಿನ ಬಲವನ್ನೂ ಕೈಯಾರೆ ತಿದ್ದಿ ಕೇಳಿ ನೋಡಿ.