ಕಿವಿ, ಮೂಗು, ಚರ್ಮ: ವೈದ್ಯರು ನೋಡುವುದೇನನ್ನು?

ಚಿಕ್ಕಬಳ್ಳಾಪುರದ ಬಳಿಯ ಕಳವಾರ ಬೆಟ್ಟದ ಸೀಮೆಯಿಂದ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಹಿಪ್ಪುನೇರಳೆಯ ತೋಟಗಳನ್ನೂ ರೇಷ್ಮೆಹುಳು ಸಾಕುವ ಮನೆಗಳನ್ನೂ ನಾವು ಕಾಣುತ್ತೇವೆ. ಶಿಡ್ಲಘಟ್ಟದಲ್ಲಿ ಗೂಡುಗಳಿಂದ ನೂಲು ಬಿಚ್ಚುವವರ ಕೈಗಳನ್ನು ಗಮನಿಸಿದರೆ, ಬೆರಳುಗಳ ಚರ್ಮ ಬೆಳ್ಳಗೆ ಊದಿ, ಅಲ್ಲಲ್ಲಿ ಬಿರಿದಿರುವುದು ಕಂಡುಬರುವುದುಂಟು. ಇದು ಕಜ್ಜಿಯೆ, ಹುಳುಕಡ್ಡಿಯೆ ಅಥವಾ ಬೇರೊಂದು ರೋಗವೆ? ವೈದ್ಯರು ಇದನ್ನು ಹೇಗೆ ನಿರ್ಣಯಿಸುತ್ತಾರೆಂಬುದನ್ನು ವಿಚಾರಮಾಡೋಣ.

ಪರೀಕ್ಷೆಯು ಪ್ರಶ್ನೆಯಿಂದ ಮೊದಲಾಗುತ್ತದೆ. ಇಟಲಿಯ ವೈದ್ಯನಾದ ರಾಮಾಜ್ಜಿನಿಯು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ರೋಗಿಯ ಕಸುಬನ್ನೂ ವಿಚಾರಿಸಬೇಕೆಂದು ವೈದ್ಯರಿಗೆ ಬೋಧಿಸಿದನು. ಗೂಡಿನ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾದಾಗಲೇ ನೂಲು ಬಿಚ್ಚಿಕೊಳ್ಳುತ್ತದೆ. ಕೈಯಿಂದಲೇ ಎಳೆ ಹಿಡಿಯುವವರ ಬೆರಳುಗಳು ದಿನವೆಲ್ಲ ಆ ನೀರಿನಲ್ಲಿರುವುದರಿಂದ ಚರ್ಮದ ರಕ್ಷಕವಾದ ಜಿಡ್ಡು ತೊಳೆದುಹೋಗಿ ಉರಿಯೂತ ಉಂಟಾಗುತ್ತದೆ.

ಕಸುಬು ತಿಳಿದ ಮಾತ್ರಕ್ಕೆ ನಿರ್ಣಯ ಮುಗಿಯಲಿಲ್ಲ. ಸ್ಥಾನ, ಆಕಾರ, ಅಂಚು ಇವನ್ನು ನೋಡಬೇಕು. ನೀರು ತಾಕುವ ಭಾಗದಲ್ಲಿ ಮಾತ್ರ ಇದ್ದು, ಕೆಲಸ ನಿಂತಾಗ ತಗ್ಗಿದರೆ ಅದು ಕಸುಬಿನ ಉರಿಯೂತವಿರಬೇಕು. ಬೆರಳ ಸಂದುಗಳಲ್ಲಿ, ಮಣಿಕಟ್ಟಿನಲ್ಲಿ ಗುಳ್ಳೆಗಳೆದ್ದು ರಾತ್ರಿ ತುರಿಕೆ ಹೆಚ್ಚಾಗಿ, ಮನೆಯ ಇತರರಿಗೂ ಅದೇ ತೊಂದರೆಯಿದ್ದರೆ ಕಜ್ಜಿಯನ್ನು ಶಂಕಿಸಬೇಕು. ಅಂಚು ಉಬ್ಬಿ, ನಡುವೆ ತಿಳಿಯಾದ ಉಂಗುರದಂತಿದ್ದರೆ ಅದು ಶಿಲೀಂಧ್ರದಿಂದ ಬರುವ ಹುಳುಕಡ್ಡಿ. ಇದಕ್ಕೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮನ್ನು ಹಚ್ಚಿದರೆ ತುರಿಕೆ ತಗ್ಗುತ್ತದೆ; ರೋಗವು ಮಾತ್ರ ರೂಪ ಮರೆಸಿಕೊಂಡು ಹರಡುತ್ತದೆ.

ಇನ್ನು ಮೂಗು. ಗೂಡು ಬೇಯುವ ಹಬೆಯಲ್ಲಿ ರೇಷ್ಮೆಯ ಮತ್ತು ಹುಳುವಿನ ಪ್ರೋಟೀನು ಕಣಗಳಿರುತ್ತವೆ. ಕೆಲವರ ದೇಹಕ್ಕೆ ಇವು ಒಗ್ಗುವುದಿಲ್ಲ. ಆಗ ಸಾಲುಸಾಲಾಗಿ ಸೀನು, ತುರಿಕೆ, ನೀರಾಗಿ ಸುರಿಯುವ ಮೂಗು, ಕೆಲವೊಮ್ಮೆ ಉಬ್ಬಸ ಕಾಣಿಸುತ್ತವೆ. ದೀಪ ಹಿಡಿದು ನೋಡಿದಾಗ ಒಳಪೊರೆಯು ಸಾಮಾನ್ಯವಾಗಿ ಬಿಳಿಚಿಕೊಂಡು ಊದಿರುತ್ತದೆ. ನೆಗಡಿಯಲ್ಲಿಯಾದರೋ ಅದು ಕೆಂಪಾಗಿರುವುದು ಹೆಚ್ಚು.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ಮೂಗಿನ ಊತದಿಂದ ಅದು ಮುಚ್ಚಿಕೊಂಡರೆ ಕಿವಿಯೂ ನೋಯಬಹುದು. ವೈದ್ಯರು ದೊಡ್ಡವರ ಕಿವಿಯ ಆಲಿಕೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬಾಗಿದ ಕಾಲುವೆಯನ್ನು ನೇರಮಾಡಿ ಒಳಗೆ ನೋಡುತ್ತಾರೆ. ಹೀಗೆ ಎಳೆಯುವಾಗಲೇ ಬಹಳ ನೋವಾದರೆ ದೋಷವು ಹೊರಗಾಲುವೆಯಲ್ಲಿರುವ ಸಂಭವ ಹೆಚ್ಚು. ಆರೋಗ್ಯವಾದ ಕಿವಿತಮಟೆಯು ಮುತ್ತಿನ ಬೂದುಬಣ್ಣದಿಂದ ಹೊಳೆಯುತ್ತದೆ. ನಡುಗಿವಿಯಲ್ಲಿ ಕೀವು ತುಂಬಿದಾಗ ಕೆಂಪಾಗಿ ಉಬ್ಬುತ್ತದೆ. ತಮಟೆ ತೂತಾದರೆ ಕಿವಿ ಸೋರುತ್ತದೆ. ಅಂತಹ ಕಿವಿಗೆ ಎಣ್ಣೆ ಬಿಡುವುದು ಅಪಾಯಕರ.

ಇದುವರೆಗೆ ಹೇಳಿದ ರೋಗಗಳೆಲ್ಲ ನೋವು, ತುರಿಕೆ, ಸೀನುಗಳಿಂದ ತಾವೇ ಕೂಗಿ ಹೇಳುತ್ತವೆ. ಮೌನವಾಗಿರುವುದು ಒಂದುಂಟು. ನೋಯದ, ತುರಿಸದ, ಸುತ್ತಲಿನ ಚರ್ಮಕ್ಕಿಂತ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯನ್ನು ಕಂಡರೆ ವೈದ್ಯರು ರೋಗಿಗೆ ಕಣ್ಣು ಮುಚ್ಚುವಂತೆ ಹೇಳಿ, ಹತ್ತಿಯ ಎಳೆಯಿಂದ ಅದನ್ನು ಮೃದುವಾಗಿ ಮುಟ್ಟುತ್ತಾರೆ. ಸ್ಪರ್ಶ ತಿಳಿಯದಿದ್ದರೆ ಕುಷ್ಠವನ್ನು ಶಂಕಿಸಲೇಬೇಕು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಈ ರೋಗ ಪೂರ್ಣವಾಗಿ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ನಾಚಿಕೆಯಿಂದ ತಡಮಾಡಿದರೆ ನರಗಳು ಕೆಟ್ಟು ಕೈಕಾಲುಗಳು ಊನವಾಗಬಹುದು. ಒಮ್ಮೆ ಕೆಟ್ಟ ನರವನ್ನು ಔಷಧವು ಮರಳಿ ತರಲಾರದು. ಆದುದರಿಂದ ನಮ್ಮ ಮನೆಯವರಲ್ಲಿ ಯಾರಿಗಾದರೂ ಇಂತಹ ಮಚ್ಚೆ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ, ಅಂದೇ ವೈದ್ಯರಿಗೆ ತೋರಿಸುವುದು ನಮ್ಮ ಕರ್ತವ್ಯ.