ನಾಲೆ ಬಯಲಿನ ಎರಡು ತಲೆಮಾರು

ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಇಂದು ಎಪ್ಪತ್ತೈದು, ಎಂಬತ್ತು ದಾಟಿರುವ ತಾತ ಅಜ್ಜಿಯರು ಹುಟ್ಟಿದ್ದು ನೀರು ಬಂದ ಹೊಸದರಲ್ಲಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಮೊದಲಲ್ಲಿ ಮುಗಿಯಿತು. ಆಗ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯಿಂದಾಗಿ ಮಳೆ ನಂಬಿದ ರಾಗಿ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಆ ಹಿರಿಯರ ಮೊಮ್ಮಕ್ಕಳಿಗೆ ಈಗ ಇಪ್ಪತ್ತರಿಂದ ಮೂವತ್ತೈದರ ಪ್ರಾಯ. ಎರಡು ತಲೆಮಾರುಗಳ ನಡುವಿನ ಅಂತರ ಗಂಡಸರಲ್ಲಿ ಒಂದು ಬಗೆಯದು, ಹೆಂಗಸರಲ್ಲಿ ಇನ್ನೊಂದು ಬಗೆಯದು. ತಾತನಿಂದ ಮೊಮ್ಮಗ ಸಾಗಿರುವುದಕ್ಕಿಂತ ಬಹಳ ದೂರ ಅಜ್ಜಿಯಿಂದ ಮೊಮ್ಮಗಳು ಸಾಗಿದ್ದಾಳೆ. ಇಂದಿನ ಹಳ್ಳಿಯ ಕಷ್ಟಗಳನ್ನು ಅರಿಯಲು ಮೊದಲು ನೋಡಬೇಕಾದದ್ದು ಇದನ್ನೇ.

ತಾತನ ಕಾಲದ ಬದುಕಿನ ಬಗ್ಗೆ ಈ ಸೀಮೆಗೆ ಒಂದು ಅಪರೂಪದ ದಾಖಲೆ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1954ರಲ್ಲಿ ಮಂಡ್ಯಕ್ಕೆ ಬಂದು ಇಲ್ಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. 1962ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಹಳ್ಳಿಗಳಿಗೆ ವಾಂಗಲ, ದಲೇನ ಎಂಬ ಮಾರುಹೆಸರುಗಳಿವೆ. ವಾಂಗಲಕ್ಕೆ ನಾಲೆಯ ನೀರು ಸಿಕ್ಕಿತು. ಅಲ್ಲಿನವರು ಕಬ್ಬು ಬೆಳೆದು ಹಣ ಕಂಡರು, ಆದರೆ ಒಕ್ಕಲುತನವನ್ನು ಬಿಡಲಿಲ್ಲ, ಹಳೆಯ ಕಟ್ಟುಕಟ್ಟಳೆಗಳೂ ಬಹುಮಟ್ಟಿಗೆ ಹಾಗೆಯೇ ಉಳಿದವು. ಎತ್ತರದಲ್ಲಿದ್ದ ದಲೇನಕ್ಕೆ ನೀರು ಹತ್ತಲಿಲ್ಲ. ಅಲ್ಲಿನ ಗಂಡಸರು ಮಂಡ್ಯ ಪಟ್ಟಣದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಅಕ್ಕಪಕ್ಕದ ಊರುಗಳಲ್ಲಿ ತರಿ ಜಮೀನು ಕೊಂಡರು. ಹೀಗೆ ನೀರು ಸಿಕ್ಕ ಊರು ನಿಂತಲ್ಲೇ ಬೆಳೆಯಿತು, ಸಿಗದ ಊರು ಹೊರಗೆ ಹೊರಟು ಬದಲಾಯಿತು. ಮೊಮ್ಮಕ್ಕಳ ಕಾಲಕ್ಕೆ ನೀರಿದ್ದ ಊರುಗಳೂ ದಲೇನದ ದಾರಿಯನ್ನೇ ಹಿಡಿದಿವೆ.

ತಾತನ ಕಾಲದಲ್ಲಿ ಕಸುಬನ್ನು ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಒಕ್ಕಲು ಮನೆಯಲ್ಲಿ ಹುಟ್ಟಿದ ಹುಡುಗ ಹತ್ತು ಹನ್ನೆರಡಕ್ಕೆ ದನ ಕಾಯುತ್ತಿದ್ದ, ಹದಿನೈದಕ್ಕೆ ನೇಗಿಲು ಹಿಡಿಯುತ್ತಿದ್ದ. ಆರು ತಿಂಗಳು ಗದ್ದೆ, ಆಮೇಲೆ ಆಲೆಮನೆ, ನಡುವೆ ಊರ ಹಬ್ಬ, ಮಾರಮ್ಮನ ಜಾತ್ರೆ. ನೀರಿನ ಹಿಂದೆಯೇ ಮಲೇರಿಯವೂ ಬಂದಿತ್ತು. ಅದು ತಗ್ಗಿದ್ದು 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೆ ಡಿಡಿಟಿ ಸಿಂಪಡಿಸಿದ ಮೇಲೆ. ಸಿಡುಬಿನ ಕಲೆ ಹೊತ್ತ ಮುಖಗಳು ಹಿರಿಯರಲ್ಲಿ ಈಗಲೂ ಕಾಣುತ್ತವೆ, ಮೊಮ್ಮಕ್ಕಳಿಗೆ ಆ ಕಾಯಿಲೆಯ ಹೆಸರು ಮಾತ್ರ ಗೊತ್ತು. ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ.

ಇದು ಎಲ್ಲ ಮನೆಗಳ ಕಥೆಯಲ್ಲ. ಹೊಲಗೇರಿಯ ಸಂಸಾರಗಳು ತಲೆತಲಾಂತರದಿಂದ ಒಂದೊಂದು ಒಕ್ಕಲು ಮನೆಗೆ ‘ಹಳೇಮಕ್ಕಳು’ ಎನ್ನಿಸಿಕೊಂಡಿದ್ದವು. ಕರೆದಾಗ ಹೋಗಿ ದುಡಿಯಬೇಕು, ಮದುವೆ ಸಾವುಗಳಲ್ಲಿ ಹೇಳಿದ ಚಾಕರಿ ಮಾಡಬೇಕು, ಸುಗ್ಗಿಯಲ್ಲಿ ಕೊಟ್ಟ ಹುಲ್ಲು, ಕಾಳು ಪಡೆಯಬೇಕು. ಸಾಲಕ್ಕೆ ಮಗನನ್ನೇ ಜೀತಕ್ಕೆ ಇಡುವುದೂ ಇತ್ತು. ತೋಟಿ, ತಳವಾರ ಮುಂತಾದ ವಂಶಪಾರಂಪರ್ಯ ಊರುಚಾಕರಿಗಳನ್ನು ರದ್ದು ಮಾಡಿದ್ದು 1961ರ ಕಾಯ್ದೆ, ಜೀತವನ್ನು ನಿಷೇಧಿಸಿದ್ದು 1976ರ ಕಾಯ್ದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಓದಿ, ಮೀಸಲಾತಿಯ ಬಲದಲ್ಲಿ ಶಿಕ್ಷಕಿಯೋ ಪೊಲೀಸೋ ಆದ ದಲಿತ ಮೊಮ್ಮಕ್ಕಳಿಗೆ ಊರು ಬಿಡುವುದು ನಷ್ಟವೆನಿಸಬೇಕಿಲ್ಲ. ಹಳೆಯ ಹಳ್ಳಿಯ ಒಗ್ಗಟ್ಟನ್ನು ನೆನೆದು ಬರೆಯುವವರು ಈ ಕೇರಿಯ ನೆನಪನ್ನೂ ಕೇಳಿಸಿಕೊಳ್ಳಲೇಬೇಕು.

ಅಜ್ಜಿಯ ದಿನ ಶುರುವಾಗುತ್ತಿದ್ದುದು ಕೋಳಿ ಕೂಗುವ ಮುಂಚೆ, ಬೀಸುವ ಕಲ್ಲಿನ ಮುಂದೆ. ರಾಗಿ ಬೀಸಿ, ಕೊಟ್ಟಿಗೆ ಬಾಚಿ, ಸಗಣಿ ತೆಗೆದು, ಬಾವಿಯಿಂದಲೋ ನಾಲೆಯಿಂದಲೋ ನೀರು ಹೊತ್ತು, ಸೌದೆ ಒಲೆಯ ಹೊಗೆಯಲ್ಲಿ ಮುದ್ದೆ ಬೇಯಿಸಿ, ಬುತ್ತಿ ಹೊತ್ತು ಗದ್ದೆಗೆ ಹೋದರೆ ಅಲ್ಲಿ ನಾಟಿ, ಕಳೆ, ಕುಯ್ಲು. ಸಂಜೆ ಬಂದ ಮೇಲೆ ಒನಕೆ, ಮತ್ತೆ ಒಲೆ. ಮನೆಮಂದಿಯೆಲ್ಲ ಉಂಡ ಮೇಲೆ ಅವಳ ಊಟ. ಅವಳ ಆಯುಷ್ಯದ ಅರ್ಧ ಬೀಸುವುದು, ಕುಟ್ಟುವುದು, ಹೊರುವುದರಲ್ಲೇ ಕಳೆಯಿತು ಎಂದರೆ ಹೆಚ್ಚಿನ ಮಾತಲ್ಲ. ಹಿಟ್ಟಿನ ಗಿರಣಿ, ಬೋರ್‌ವೆಲ್ ಕೈಪಂಪು, ಮನೆಬಾಗಿಲ ನಲ್ಲಿ, ಮಿಕ್ಸಿ, ಗ್ಯಾಸ್ ಸಿಲಿಂಡರ್ ಒಂದೊಂದಾಗಿ ಬಂದು ಆ ಗಂಟೆಗಳನ್ನು ಬಿಡಿಸಿಕೊಟ್ಟವು. ಹಳ್ಳಿಯ ಚರಿತ್ರೆ ಬರೆಯುವವರು ಟ್ರ್ಯಾಕ್ಟರಿಗೆ ಕೊಟ್ಟಷ್ಟು ಜಾಗವನ್ನು ಹಿಟ್ಟಿನ ಗಿರಣಿಗೆ ಕೊಟ್ಟಿಲ್ಲ. ಹೆಣ್ಣುಮಕ್ಕಳಿಗೆ ಶಾಲೆಯ ಬಿಡುವು ಸಿಕ್ಕಿದ್ದರ ಹಿಂದೆ ಗಿರಣಿಯ ಪಾಲು ದೊಡ್ಡದು.

ಅಜ್ಜಿಯ ಹೆರಿಗೆಗಳೆಲ್ಲ ಮನೆಯ ನಡುಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದವು. ಆರೇಳು ಹೆತ್ತು ಒಂದೋ ಎರಡೋ ಮಕ್ಕಳನ್ನು ಮಣ್ಣಿಗಿಟ್ಟ ತಾಯಂದಿರು ಎಲ್ಲ ಊರಲ್ಲೂ ಇದ್ದರು. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿನ ಗಮನ ಸೆಳೆದಿತ್ತು. ಆದರೆ ಆ ಸೌಲಭ್ಯ ಹಳ್ಳಿಗೆ ತಲುಪಲು ದಶಕಗಳೇ ಬೇಕಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು.

ಮದುವೆಯ ಬದಲಾವಣೆ ಇಷ್ಟು ನೇರವಲ್ಲ. 1951ರ ಜನಗಣತಿಯ ಹೊತ್ತಿಗೆ ದೇಶದ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯಷ್ಟೇ. ಓದಿನ ಮಾತೇ ಇಲ್ಲದ ಆ ಕಾಲದಲ್ಲಿ ಹುಡುಗಿಗೆ ಹದಿನೈದು ಹದಿನಾರು ಆಗುವಷ್ಟರಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಧಾರೆಯಾಗುತ್ತಿತ್ತು, ಹುಡುಗಿಯ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆಯ ಕನಿಷ್ಠ ವಯಸ್ಸನ್ನು ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂದು ಕಾನೂನು ಏರಿಸಿದ್ದು 1978ರಲ್ಲಿ. ಇತ್ತ ಹಳೆಯ ‘ತೆರ’ ಪದ್ಧತಿಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ ಕೊಡುತ್ತಿದ್ದರು. ಎಂ.ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಮದುವೆ, ಕುಟುಂಬಗಳ ಅಧ್ಯಯನದಲ್ಲಿ ಇದರ ವಿವರಗಳಿವೆ. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಮಂಡ್ಯಕ್ಕೆ ಬಂದಾಗ ತೆರ ಹೋಗಿ ವರದಕ್ಷಿಣೆ ಕಾಲಿಡುತ್ತಿತ್ತು. ಕಬ್ಬಿನ ಹಣದಿಂದ ಅನುಕೂಲ ಕಂಡ ಮನೆಗಳಲ್ಲಿ ಹೆಂಗಸರು ಗದ್ದೆ ಕೆಲಸದಿಂದ ಹಿಂದೆ ಸರಿಯುವುದು ಅಂತಸ್ತಿನ ಗುರುತಾಯಿತು. ಅವರ ದುಡಿಮೆಗೆ ಬೆಲೆ ಕಟ್ಟುವ ತೆರದ ಜಾಗದಲ್ಲಿ, ಅವರನ್ನು ಸಾಕುವ ಹೊರೆಗೆ ಬೆಲೆ ಕೇಳುವ ವರದಕ್ಷಿಣೆ ಬಂದು ಕೂತಿತು. 1961ರ ನಿಷೇಧ ಕಾಯ್ದೆ ಇದ್ದೂ ಅದು ಬೆಳೆಯಿತು. ಅಜ್ಜಿಗಿಂತ ಮಗಳ ಸ್ಥಿತಿ ಈ ಒಂದು ವಿಷಯದಲ್ಲಿ ಕೆಟ್ಟಿತು ಎನ್ನಲೇಬೇಕು.

ಮೊಮ್ಮಗಳು ಬೆಳೆದದ್ದು ಬೇರೆ ಗಾಳಿಯಲ್ಲಿ. 2006–07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯಲ್ಲಿ ಸೈಕಲ್ ಸಿಕ್ಕಿತು, ಹೈಸ್ಕೂಲು ದೂರ ಎಂಬ ನೆಪ ಬಿತ್ತು. ಪಿಯುಸಿ, ಪದವಿ, ಬಿ.ಇಡಿ., ನರ್ಸಿಂಗ್ ಓದುವ ಹುಡುಗಿಯರು ಹೆಚ್ಚಾದರು. 1962ರಲ್ಲಿ ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ಆರಂಭವಾದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಊರಿನ ಹುಡುಗರ ಜೊತೆ ಹುಡುಗಿಯರೂ ಕೂತರು. ಅಷ್ಟು ಓದದವರು ಮದ್ದೂರು ಕಡೆಯ ಗಾರ್ಮೆಂಟ್ಸ್‌ಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಓದಿದವರು ಬೆಂಗಳೂರಿನ ಪಿ.ಜಿ.ಯಲ್ಲಿ ಒಂದು ಮಂಚದ ಬಾಡಿಗೆ ಕಟ್ಟಿ ಕಂಪನಿ ಸೇರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವನ್ನು ಉಚಿತಗೊಳಿಸಿದೆ. ತಿಂಗಳ ಸಂಬಳ ಸ್ವಂತ ಖಾತೆಗೆ ಬೀಳುವುದು, ಗುರುತಿಲ್ಲದ ಊರಿನಲ್ಲಿ ಒಬ್ಬಳೇ ಮನೆ ಹುಡುಕುವುದು, ನೋಡಲು ಬಂದ ಗಂಡನ್ನು ‘ಬೇಡ’ ಎನ್ನುವುದು — ಈ ಮೂರೂ ಅಜ್ಜಿಯ ಊಹೆಗೆ ನಿಲುಕದ ಸಂಗತಿಗಳು.

ಇಲ್ಲಿಯೂ ಮಿತಿಗಳಿವೆ. ಅದೇ 2019–21ರ ಸಮೀಕ್ಷೆಯಂತೆ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿತ್ತು. ಮೊಬೈಲ್ ಕೈಗೆ ಬಂದರೂ ಅದರಲ್ಲಿ ಯಾರ ಜೊತೆ ಮಾತು ಎಂದು ಅಣ್ಣಂದಿರು ಲೆಕ್ಕ ಕೇಳುವ ಮನೆಗಳಿವೆ. ಬೇರೆ ಜಾತಿಯ ಹುಡುಗನ ಹೆಸರೆತ್ತಿದರೆ ಓದು ನಿಲ್ಲುವ ಮನೆಗಳೂ ಇವೆ.

ಮೊಮ್ಮಗನ ಪಾಡೇ ಬೇರೆ. ತಾತನ ಐದಾರು ಎಕರೆ ಮಕ್ಕಳಲ್ಲಿ ಹಂಚಿ, ಮೊಮ್ಮಕ್ಕಳಲ್ಲಿ ಹಂಚಿ ಇವನ ಪಾಲಿಗೆ ಎಕರೆಯೋ ಒಂದೂವರೆಯೋ ಬಂದಿದೆ. 1970–71ರಲ್ಲಿ 2.28 ಹೆಕ್ಟೇರ್ ಇದ್ದ ದೇಶದ ಸರಾಸರಿ ಹಿಡುವಳಿ 2015–16ರ ಕೃಷಿ ಗಣತಿಯಲ್ಲಿ 1.08 ಹೆಕ್ಟೇರ್‌ಗೆ ಇಳಿದಿತ್ತು. ಕಾವೇರಿ ವ್ಯಾಜ್ಯದ ವರ್ಷಗಳಲ್ಲಿ ನಾಲೆಗೆ ನೀರು ಬಿಡುವುದೇ ಅನುಮಾನ, ಕಬ್ಬು ಕೊಟ್ಟ ಮೇಲೆ ಬಾಕಿ ಹಣಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಷ್ಟಾದರೂ ಜಮೀನು ನೋಡಿಕೊಳ್ಳಲು, ತಂದೆತಾಯಿಯ ಜೊತೆ ಇರಲು ಗಂಡುಮಕ್ಕಳಲ್ಲಿ ಒಬ್ಬ ಊರಲ್ಲೇ ಉಳಿಯಬೇಕು. ಅವನ ದಿನಚರಿ ತಾತನದಕ್ಕಿಂತ ತುಂಬ ಬದಲಾಗಿಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ಸಂತೆಯ ಸುದ್ದಿಯ ಜಾಗಕ್ಕೆ ವಾಟ್ಸ್‌ಆ್ಯಪ್ ಬಂದಿವೆ. ಹಾಲಿನ ಡೇರಿಗೆ ಎರಡು ಹೊತ್ತು ಹೋಗುವುದು ಹೊಸದಾಗಿ ಸೇರಿದೆ.

ಇವನಿಗೆ ಹೆಣ್ಣು ಸಿಗುತ್ತಿಲ್ಲ. ‘ಬೆಂಗಳೂರಲ್ಲಿ ಕೆಲಸ ಇದೆಯಾ?’ ಎಂಬುದೇ ಸಂಬಂಧದ ಮೊದಲ ಪ್ರಶ್ನೆ. ಬೇಸಾಯಗಾರ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಸಾವಿರಾರು ಗಂಡುಗಳು ಹೆಸರು ಕೊಟ್ಟರೆ ಹೆಣ್ಣುಗಳ ಸಂಖ್ಯೆ ಕೆಲವೇ ನೂರು. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ರೈತ ಯುವಕರ ತಂಡವೊಂದು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಯಿತು. ಪತ್ರಿಕೆಗಳು ಅದನ್ನು ಸ್ವಾರಸ್ಯದ ಸುದ್ದಿಯಾಗಿ ಬರೆದವು. ಅದು ನಗುವ ವಿಷಯವಾಗಿರಲಿಲ್ಲ. ಹುಡುಗಿಯರು ಸೊಕ್ಕಿನಿಂದ ಬೇಡವೆನ್ನುತ್ತಿದ್ದಾರೆ ಎಂಬ ಕಟ್ಟೆಯ ಮಾತೂ ಸರಿಯಲ್ಲ. ಅಜ್ಜಿಯ ಬೆನ್ನು, ಅಮ್ಮನ ಮಂಡಿ ನೋಡುತ್ತ ಬೆಳೆದ ಹುಡುಗಿ ಆ ಬಾಳು ಬೇಡ ಎಂದರೆ ಅದು ಕಂಡು ಕಲಿತ ವಿವೇಕ.

ಹೆಣ್ಣು ಸಿಗದಿರುವುದಕ್ಕೆ ಇನ್ನೊಂದು ಕರಾಳ ಕಾರಣವೂ ಸೇರಿದೆ. ಅಜ್ಜಿಯ ಕಾಲದಲ್ಲಿ ಹೆಣ್ಣುಕೂಸು ಬೇಡವೆನಿಸಿದರೂ ಹುಟ್ಟುವ ಮುನ್ನ ತಿಳಿಯುವ ದಾರಿ ಇರಲಿಲ್ಲ. ಸ್ಕ್ಯಾನಿಂಗ್ ಯಂತ್ರ ಬಂದ ಮೇಲೆ ದಾರಿಯಾಯಿತು, ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದ ಮೇಲೂ ಕದ್ದುಮುಚ್ಚಿ ನಡೆಯಿತು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆಯ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಇಂಥ ಕೆಲಸ ನಡೆದದ್ದು ಇಡೀ ಸೀಮೆ ತಲೆತಗ್ಗಿಸಬೇಕಾದ ಸಂಗತಿ. ಮೂವತ್ತರ ಗಂಡಿಗೆ ಇಂದು ಕಾಣದ ವಧುಗಳಲ್ಲಿ ಕೆಲವರು ಹುಟ್ಟಲೇ ಇಲ್ಲ.

ಆಸ್ತಿಯ ಮಾತಿನಲ್ಲೂ ಹೆಣ್ಣಿನ ಸ್ಥಾನ ಬೇರೆಯಾಗಿದೆ. ಅಜ್ಜಿಗೆ ತವರಿನಿಂದ ಬಂದದ್ದು ಅರಿಶಿನ ಕುಂಕುಮ, ಒಂದಿಷ್ಟು ಒಡವೆ, ಗೌರಿ ಹಬ್ಬದ ಬಾಗಿನ. ಕರ್ನಾಟಕ 1994ರಲ್ಲಿ ತನ್ನದೇ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಸಂಬಳ ತರುವ ಮೊಮ್ಮಗಳನ್ನೂ ಬಿಟ್ಟಿಲ್ಲ.

ಹಿರಿಯರು ಈಗ ಹಿಂದಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿ 2007ರಿಂದ ಇದೆ, ಅದೇ ವರ್ಷ ಹಿರಿಯರ ಪೋಷಣೆಯನ್ನು ಮಕ್ಕಳ, ಮೊಮ್ಮಕ್ಕಳ ಹೊಣೆಯಾಗಿಸುವ ಕೇಂದ್ರ ಕಾಯ್ದೆಯೂ ಬಂತು. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತಿದೆ. ತಮ್ಮದೆಂದು ಹೇಳಿಕೊಳ್ಳುವ ಹಣವನ್ನು ಅನೇಕ ಅಜ್ಜಿಯರು ಕಂಡದ್ದು ಇದೇ ಮೊದಲು. ಆದರೆ ರಾತ್ರಿ ಉಸಿರು ಕಟ್ಟಿದರೆ ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವವನು ಬಹಳ ಮನೆಗಳಲ್ಲಿ ಊರಲ್ಲೇ ಉಳಿದ, ಮದುವೆಯಾಗದ ಮೊಮ್ಮಗ. ಅವನಿಗೆ ವಯಸ್ಸಾದಾಗ ಮಕ್ಕಳಿರುವುದಿಲ್ಲ. ಮಕ್ಕಳಿಲ್ಲದ ಹಿರಿಯರ ಪೋಷಣೆಯನ್ನು 2007ರ ಕಾಯ್ದೆ ಅವರ ಆಸ್ತಿ ಅನುಭವಿಸುತ್ತಿರುವ ಇಲ್ಲವೇ ಮುಂದೆ ಅದಕ್ಕೆ ವಾರಸುದಾರರಾಗುವ ಬಂಧುಗಳ ಮೇಲೆ ಹಾಕುತ್ತದೆ. ಅಂದರೆ ಆ ಒಂದೂವರೆ ಎಕರೆಯ ಜೊತೆಗೆ ಅವನ ಮುಪ್ಪಿನ ಹೊಣೆಯೂ ಬೆಂಗಳೂರು ಸೇರಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಬರುತ್ತದೆ.